ಡೆಡಿಕೇಟೆಡ್ ಕ್ಲೌಡ್ ಸರ್ವರ್ ಬೇಕಾ ಬೇಡವಾ? ಮೊದಲು ‘ಎಸ್‌ಟಿ’ ನೋಡಿ

ಸಾಫ್ಟ್‌ವೇರ್ ನಿಧಾನ ಆಯ್ತು ಅಂದ ತಕ್ಷಣ ಆಫೀಸಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ‘ನಮಗೇ ಅಂತ ಒಂದು ಸರ್ವರ್ ತಗೊಂಡುಬಿಡೋಣ.’ ಬಿಸಿನೆಸ್‌ಗಳ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಈ ಮಾತು ಬಂದಾಗಲೆಲ್ಲ ನಾನು ಕೇಳುವುದು ಒಂದೇ. ನಿಧಾನ ಆದ ಆ ಹೊತ್ತಿನಲ್ಲಿ ಸರ್ವರ್ ಒಳಗೆ ಏನು ನಡೀತಿತ್ತು, ಯಾರಾದ್ರೂ ನೋಡಿದ್ರಾ? ಅದನ್ನು ನೋಡದೆ ದುಡ್ಡು ಕಟ್ಟಬೇಡಿ.

ಮಾಮೂಲಿ ಕ್ಲೌಡ್ ಸರ್ವರ್ ಅಂದರೆ ಒಂದು ದೊಡ್ಡ ಯಂತ್ರದ ಒಂದು ಪಾಲು. ಅದೇ ಯಂತ್ರದಲ್ಲಿ ಬೇರೆ ಗಿರಾಕಿಗಳ ಸರ್ವರ್‌ಗಳೂ ಓಡುತ್ತಿರುತ್ತವೆ. ಯಾರಿಗೆ ಎಷ್ಟು ಅಂತ ಹಂಚುವುದು ಹೈಪರ್‌ವೈಸರ್ ಅನ್ನುವ ಸಾಫ್ಟ್‌ವೇರ್. ಡೆಡಿಕೇಟೆಡ್ ಅಂದರೆ ಇಡೀ ಯಂತ್ರ ನಿಮ್ಮೊಬ್ಬರದ್ದೇ. ಅಮೆಜಾನ್ ಇದನ್ನು ಡೆಡಿಕೇಟೆಡ್ ಹೋಸ್ಟ್ ಅನ್ನುತ್ತದೆ, ಗೂಗಲ್ ಸೋಲ್ ಟೆನೆಂಟ್ ನೋಡ್ ಅನ್ನುತ್ತದೆ. ಹೈಪರ್‌ವೈಸರ್ ಕೂಡ ಬೇಡ ಅಂದರೆ ಬೇರ್ ಮೆಟಲ್. ಇದರಿಂದ ನಿಮಗೆ ಮುಖ್ಯವಾಗಿ ಸಿಗುವುದು ಏರುಪೇರಿಲ್ಲದ ವೇಗ. ಅಂಥ ವೇಗ ನಿಮಗೆ ಬೇಕಾ ಅನ್ನುವುದನ್ನು ಅಳೆದು ನೋಡಬಹುದು.

ನಿಮ್ಮದು ಲಿನಕ್ಸ್ ಸರ್ವರ್ ಆಗಿದ್ದರೆ, ಕೆಲಸ ಜಾಸ್ತಿ ಇರುವ ಹೊತ್ತಿನಲ್ಲೇ ಲಾಗಿನ್ ಆಗಿ ‘ಟಾಪ್’ (top) ಅನ್ನುವ ಕಮಾಂಡ್ ಕೊಡಿ. ಮೇಲಿನಿಂದ ಮೂರನೇ ಸಾಲು ಸಿಪಿಯುದ್ದು. ಅದರಲ್ಲಿ ಮೂರು ಅಂಕಿ ಸಾಕು. ‘ಯುಎಸ್’ ಅಂದರೆ ನಿಮ್ಮದೇ ಪ್ರೋಗ್ರಾಂಗಳು ಬಳಸುತ್ತಿರುವ ಸಿಪಿಯು. ‘ಡಬ್ಲ್ಯುಎ’ ಅಂದರೆ ಡಿಸ್ಕಿಗಾಗಿ ಕಾಯುತ್ತಿರುವ ಹೊತ್ತು. ಸಾಲಿನ ಕೊನೆಯಲ್ಲಿರುವ ‘ಎಸ್‌ಟಿ’ಯೇ ಸ್ಟೀಲ್: ನಿಮ್ಮ ಸರ್ವರ್ ಕೆಲಸಕ್ಕೆ ರೆಡಿ ಇದ್ದರೂ, ಹೈಪರ್‌ವೈಸರ್ ಸಿಪಿಯು ಕೊಡದೆ ಕಾಯಿಸಿದ ಹೊತ್ತು.

ಎಸ್‌ಟಿ ಸೊನ್ನೆಯ ಹತ್ತಿರ ಇದ್ದು ಯುಎಸ್ ಮೇಲಿದ್ದರೆ, ಅಕ್ಕಪಕ್ಕದವರ ತಪ್ಪೇನಿಲ್ಲ. ಸ್ವಲ್ಪ ದೊಡ್ಡ ಪ್ಲ್ಯಾನ್ ಸಾಕು. ಡಬ್ಲ್ಯುಎ ಮೇಲಿದ್ದರೆ ಮೊದಲು ಡೇಟಾಬೇಸ್ ನೋಡಿ. ನಾನು ನೋಡಿಕೊಳ್ಳುವ ಒಂದು ಗೋದಾಮಿನ ಕಂಪನಿಯಲ್ಲಿ ಸಂಜೆಯ ಸ್ಟಾಕ್ ರಿಪೋರ್ಟ್ ಬರೋದಕ್ಕೆ ತುಂಬಾ ಹೊತ್ತಾಗುತ್ತಿತ್ತು. ಡೆಡಿಕೇಟೆಡ್ ಸರ್ವರ್‌ಗೆ ಕೊಟೇಶನ್ ಕೂಡ ತರಿಸಿ ಇಟ್ಟಿದ್ದರು. ಎಸ್‌ಟಿ ಸೊನ್ನೆ, ಡಬ್ಲ್ಯುಎ ಮಾತ್ರ ಏರಿ ಕೂತಿತ್ತು. ನಿಧಾನವಾದ ಕ್ವೆರಿಗಳನ್ನು, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು, ಬರೆದಿಡುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿದಾಗ ಮತ್ತೆ ಮತ್ತೆ ಒಂದೇ ಕ್ವೆರಿ ಕಾಣಿಸಿತು. ತಾರೀಖಿನ ಕಾಲಂಗೆ ಇಂಡೆಕ್ಸೇ, ಅಂದರೆ ಬೇಗ ಹುಡುಕಲು ಬೇಕಾದ ಪಟ್ಟಿಯೇ, ಇರಲಿಲ್ಲ. ಪ್ರತಿ ಸಂಜೆ ಇಡೀ ಟೇಬಲ್ ಓದುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ರಿಪೋರ್ಟ್ ಕೆಲವೇ ಸೆಕೆಂಡಿನಲ್ಲಿ ಬಂತು. ಹೊಸ ಸರ್ವರ್ ತಗೊಂಡಿದ್ದರೆ ಅದೇ ತಪ್ಪನ್ನು ಜಾಸ್ತಿ ಬಾಡಿಗೆ ಕೊಟ್ಟು ಓಡಿಸುತ್ತಿದ್ದರು.

ಎಸ್‌ಟಿಯೇ ಜಾಸ್ತಿ ಇದ್ದರೆ? ಒಂದು ಕ್ಷಣ ಏರಿ ಇಳಿದರೆ ಬಿಟ್ಟುಬಿಡಿ. ಬ್ಯುಸಿ ಇರುವ ಹೊತ್ತಿನಲ್ಲೆಲ್ಲ ಹತ್ತು ಪರ್ಸೆಂಟ್ ಮೇಲೆಯೇ ನಿಂತಿದ್ದರೆ ನಾನು ಅದನ್ನು ತೊಂದರೆ ಅಂತಲೇ ಲೆಕ್ಕ ಹಾಕುತ್ತೇನೆ. ಆಗಲೂ ಒಂದು ವಿಷಯ ನೋಡಿ. ಅಮೆಜಾನ್‌ನ ‘ಟಿ’ ಸಾಲಿನಂಥ ಅಗ್ಗದ ಸರ್ವರ್‌ಗಳು ಕ್ರೆಡಿಟ್ ಲೆಕ್ಕದಲ್ಲಿ ಓಡುತ್ತವೆ. ಟಿ3 ಮೈಕ್ರೋಗೆ ಪ್ರತಿ ವರ್ಚುವಲ್ ಸಿಪಿಯುವಿನ 10 ಪರ್ಸೆಂಟ್ ಮಾತ್ರ ಖಾಯಂ. ಅದಕ್ಕಿಂತ ಮೇಲೆ ಬಳಸಿದರೆ ಕೂಡಿಟ್ಟ ಕ್ರೆಡಿಟ್ ಖರ್ಚಾಗುತ್ತದೆ. ‘ಅನ್‌ಲಿಮಿಟೆಡ್’ ಅನ್ನುವ ಸೆಟ್ಟಿಂಗ್ ಆನ್ ಇಲ್ಲದಿದ್ದರೆ, ಕ್ರೆಡಿಟ್ ಮುಗಿದ ಮೇಲೆ ವೇಗ ಕುಸಿಯುತ್ತದೆ, ಎಸ್‌ಟಿ ಏರುತ್ತದೆ. ಇದಕ್ಕೆ ಇಡೀ ಯಂತ್ರ ಬೇಕಿಲ್ಲ. ಕ್ರೆಡಿಟ್ ಇಲ್ಲದ ಪ್ಲ್ಯಾನ್, ಅಥವಾ ಸಿಪಿಯು ಮಾತ್ರ ನಿಮಗೇ ಮೀಸಲಿಡುವ ಪ್ಲ್ಯಾನ್ ಸಾಕು. ಈ ನಡುವಿನ ದಾರಿಯನ್ನು ಸೇಲ್ಸ್‌ನವರು ತಾವಾಗಿ ಹೇಳುವುದು ಅಪರೂಪ. ನೀವೇ ಕೇಳಿ.

ಆಮೇಲೆ ಕೆಲಸದ ಏರಿಳಿತ. ವಾರಕ್ಕೆ 168 ಗಂಟೆ. ನಿಮ್ಮ ಆಫೀಸ್ ದಿನಕ್ಕೆ 8 ಗಂಟೆಯಂತೆ 5 ದಿನ ಓಡಿದರೆ 40 ಗಂಟೆ. ಮಾಮೂಲಿ ಕ್ಲೌಡ್‌ನಲ್ಲಿ ಉಳಿದ 128 ಗಂಟೆ ಸರ್ವರ್ ಚಿಕ್ಕದು ಮಾಡಬಹುದು, ಆಫ್ ಕೂಡ ಮಾಡಬಹುದು. ಡೆಡಿಕೇಟೆಡ್‌ನಲ್ಲಿ ಅಷ್ಟೂ ಗಂಟೆಗೆ ಬಾಡಿಗೆ ಹೋಗುತ್ತಲೇ ಇರುತ್ತದೆ. ಹಗಲು ರಾತ್ರಿ ಒಂದೇ ಸಮ ಓಡುವ ದೊಡ್ಡ ಡೇಟಾಬೇಸ್, ವಿಡಿಯೊ ಪ್ರೊಸೆಸಿಂಗ್, ಲೈವ್ ಗೇಮ್ ಸರ್ವರ್, ಇವಕ್ಕೆ ಡೆಡಿಕೇಟೆಡ್ ಚೆನ್ನಾಗಿ ಹೊಂದುತ್ತದೆ. ತಿಂಗಳ ಕೊನೆಗೆ ಮಾತ್ರ ಏರುವ ಪೇರೋಲ್‌ಗೆ ಹೊಂದುವುದಿಲ್ಲ.

ಲೈಸೆನ್ಸ್ ಒಂದೇ ಕಾರಣಕ್ಕೆ ಡೆಡಿಕೇಟೆಡ್ ತಗೊಳ್ಳುವುದೂ ಸರಿಯಾದ ಲೆಕ್ಕವೇ. ಕೆಲವು ಸಾಫ್ಟ್‌ವೇರ್‌ಗೆ ಯಂತ್ರದ ಅಸಲಿ ಕೋರ್‌ಗಳ ಮೇಲೆ ಲೈಸೆನ್ಸ್. ನಿಮ್ಮ ಹತ್ತಿರ ಹಳೆಯ ಲೈಸೆನ್ಸ್ ಇದ್ದರೆ ಡೆಡಿಕೇಟೆಡ್ ಹೋಸ್ಟ್ ಮೇಲೆ ಅದನ್ನೇ ಬಳಸಲು ಬರುತ್ತದಾ ಅಂತ ಓದಿ ನೋಡಿ.

ಸೆಕ್ಯುರಿಟಿಗೆ ಅಂತ ಡೆಡಿಕೇಟೆಡ್ ಕೇಳುವವರು ಬಹಳ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅನ್ನುವ ಸಿಪಿಯು ದೋಷಗಳು ಹೊರಬಿದ್ದ ಮೇಲೆ ಆ ಭಯಕ್ಕೆ ಕಾರಣವೂ ಇದೆ: ಒಂದೇ ಸಿಪಿಯು ಹಂಚಿಕೊಂಡವರ ನಡುವಿನ ಗೋಡೆ ಪೂರ್ತಿ ಗಟ್ಟಿ ಅಲ್ಲ ಅಂತ ಗೊತ್ತಾಯ್ತು. ಆದರೆ ಕದ್ದ ಪಾಸ್‌ವರ್ಡ್, ಅಪ್‌ಡೇಟ್ ಆಗದ ಸಾಫ್ಟ್‌ವೇರ್, ಸುಮ್ನೆ ತೆರೆದುಬಿಟ್ಟ ಪೋರ್ಟ್, ಇವು ಡೆಡಿಕೇಟೆಡ್ ಸರ್ವರ್‌ನಲ್ಲೂ ಹಾಗೇ ಇರುತ್ತವೆ ಅಲ್ವಾ? ನಿಯಮ ಹೇಳುತ್ತದೆ ಅಂದರೆ ಯಾವ ನಿಯಮ, ಯಾವ ಸಾಲು ಅಂತ ತೋರಿಸಲು ಹೇಳಿ. ಅಮೆರಿಕದ ಆರೋಗ್ಯ ಮಾಹಿತಿ ಕಾನೂನು ಹಿಪಾ ಪಾಲಿಸುವ ಗಿರಾಕಿಗಳಿಗೆ ಅಮೆಜಾನ್ ಹಿಂದೆ ಡೆಡಿಕೇಟೆಡ್ ಕಡ್ಡಾಯ ಮಾಡಿತ್ತು. 2017ರಲ್ಲಿ ಅದನ್ನು ತೆಗೆದೇ ಹಾಕಿತು.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಯಂತ್ರ ಕೆಟ್ಟರೆ ಏನು ಗತಿ? ಮಾಮೂಲಿ ವರ್ಚುವಲ್ ಸರ್ವರ್‌ನ ಡಿಸ್ಕ್ ಬಹಳಷ್ಟು ಸಲ ನೆಟ್‌ವರ್ಕ್ ಮೇಲಿರುತ್ತದೆ, ಹಾಗಾಗಿ ಇನ್ನೊಂದು ಯಂತ್ರದಲ್ಲಿ ಅದನ್ನು ಬೇಗ ಎಬ್ಬಿಸಬಹುದು. ಬೇರ್ ಮೆಟಲ್‌ನಲ್ಲಿ ಡೇಟಾ ಆ ಯಂತ್ರದ ಡಿಸ್ಕ್‌ನಲ್ಲೇ ಇದ್ದರೆ ರಿಪೇರಿ ಆಗುವ ತನಕ ಕಾಯಬೇಕು. ಅದಕ್ಕೇ ಒಂದು ಸರ್ವರ್‌ನ ಬೆಲೆ ಹೋಲಿಸಬೇಡಿ. ಎರಡರ ಬೆಲೆ, ಜೊತೆಗೆ ಬೇರೆ ಜಾಗದಲ್ಲಿ ಇಡುವ ಬ್ಯಾಕಪ್‌ನ ಖರ್ಚು ಸೇರಿಸಿ ಹೋಲಿಸಿ. 99.9 ಪರ್ಸೆಂಟ್ ಅಪ್‌ಟೈಮ್ ಅಂದರೂ ತಿಂಗಳಿಗೆ ಸುಮಾರು 43 ನಿಮಿಷ ಬಂದ್ ಇರಬಹುದು ಅಂತಲೇ ಅರ್ಥ.

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ, ಒಂದು ತಿಂಗಳಿಗೆ ಮಾತ್ರ ಬಾಡಿಗೆಗೆ ತಗೊಳ್ಳಿ. ಹಿಂದಿನ ರಾತ್ರಿಯ ಬ್ಯಾಕಪ್ಪನ್ನೇ ಅದರಲ್ಲಿ ರಿಸ್ಟೋರ್ ಮಾಡಿ. ಬ್ಯಾಕಪ್ ಸರಿಯಾಗಿದೆಯಾ ಅನ್ನುವುದೂ ಆ ನೆಪದಲ್ಲಿ ಗೊತ್ತಾಗುತ್ತದೆ. ನಿಮ್ಮನ್ನು ಕಾಡುವ ಕೆಲಸಗಳನ್ನೇ ಎರಡೂ ಕಡೆ ಮತ್ತೆ ಮತ್ತೆ ಓಡಿಸಿ, ಅತಿ ಬೇಗ ಮುಗಿದದ್ದು ಮತ್ತು ಅತಿ ತಡವಾದದ್ದು ಎರಡನ್ನೂ ಬರೆದಿಡಿ. ಸರಾಸರಿಗಿಂತ ಆ ಎರಡರ ನಡುವಿನ ಅಂತರ ನೋಡಿ. ಡಿಸ್ಕ್ ಕೆಟ್ಟರೆ ಎಷ್ಟು ಹೊತ್ತಿಗೆ ಬದಲಿಸುತ್ತಾರೆ, ರ‍್ಯಾಮ್ ಹೆಚ್ಚಿಸಲು ಎಷ್ಟು ದಿನ ಬೇಕು, ಅಪ್‌ಡೇಟ್ ಹಾಕುವುದು ಯಾರು, ಹೊರಗೆ ಹೋಗುವ ಡೇಟಾಗೆ ಚಾರ್ಜ್ ಇದೆಯಾ ಅನ್ನುವುದನ್ನೆಲ್ಲ ಬರವಣಿಗೆಯಲ್ಲೇ ತಗೊಳ್ಳಿ. ನಿಮ್ಮ ಅತಿ ಬ್ಯುಸಿ ದಿನ ಆ ಯಂತ್ರದ ಮೇಲೆ ಒಂದು ಸಲ ಕಳೆಯುವ ತನಕ ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಹಾಕಬೇಡಿ.