ಗ್ಯಾಸ್ ಬಿಟ್ಟರೆ ಗಬ್ಬು ನಾರುತ್ತಿದೆಯಾ? ಕಳ್ಳನನ್ನು ತಟ್ಟೆಯಲ್ಲಿ ಹುಡುಕಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಒಂದು ಸಲ ಆ ದಾರಿ ನನಗೆ ಮುಗಿಯಲೇ ಇಲ್ಲ. ಹಿಂದಿನ ಸಂಜೆ ಮಂಡಕ್ಕಿ, ಮಿರ್ಚಿ ಬಜ್ಜಿ, ಮೇಲೆ ಒಂದು ಹಿಡಿ ಹಸಿ ಈರುಳ್ಳಿ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ. ಸಾಲದ್ದಕ್ಕೆ ಮೂರು ದಿನದಿಂದ ಮಲಬದ್ಧತೆ. ಬಸ್ಸು ಭರಮಸಾಗರ ಮುಟ್ಟುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜ ಒಂದು ಮಾತೂ ಆಡದೆ ಕಿಟಕಿ ಗಾಜು ಸರಿಸಿ, ಹೆಗಲ ಮೇಲಿನ ಟವೆಲ್ ಮೂಗಿಗೆ ಹಿಡಿದರು. ನಾನು ಹಿಂದಿನ ಸೀಟಿನವರ ಕಡೆ ತಿರುಗಿ ಮುಖ ಗಂಟಿಕ್ಕಿದೆ. ಇನ್ನೇನು ಮಾಡಲಿ!

ಹೂಸು ಬಿಡುವುದು ರೋಗ ಅಲ್ಲ, ದಿನಕ್ಕೆ 10-20 ಸಲ ಹೋದರೂ ಮಾಮೂಲಿ. ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್, ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಇವಕ್ಕೆ ವಾಸನೆಯೇ ಇಲ್ಲ. ನಾರುವುದು ಶೇಕಡಾ 1ಕ್ಕಿಂತ ಕಡಿಮೆ ಇರುವ ಗಂಧಕದ ಅನಿಲಗಳು, ಅದರಲ್ಲೂ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಗಂಧಕ ಇರುವುದು ಮೊಟ್ಟೆ, ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಹೂಕೋಸು, ಮೂಲಂಗಿಯಲ್ಲಿ. ಮಲ ಕರುಳಲ್ಲೇ ಕೂತರೆ ಬ್ಯಾಕ್ಟೀರಿಯಾಗಳಿಗೆ ಇನ್ನಷ್ಟು ಹೊತ್ತು ಕೆಲಸ, ವಾಸನೆಯೂ ಜಾಸ್ತಿ. ಸುಮ್ನೆ ಬೆಣ್ಣೆ ದೋಸೆಗೆ ಬೈಯಬೇಡಿ.

ಹಾಗಂತ ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ, ಕಳ್ಳ ಯಾರು ಅಂತ ಗೊತ್ತೇ ಆಗುವುದಿಲ್ಲ. ಕ್ಯಾಲೆಂಡರಿನಲ್ಲಿ ತಿಂದದ್ದನ್ನು ಗೀಚಿಕೊಂಡು, ಒಂದೊಂದನ್ನೇ ನಾಲ್ಕೈದು ದಿನ ನಿಲ್ಲಿಸಿ ನೋಡಿ. ನಾನು ಕಡ್ಲೆಹಿಟ್ಟಿನ ಮೇಲೆ ಗುಮಾನಿ ಪಟ್ಟು ಮಿರ್ಚಿ ಬಿಟ್ಟೆ, ಏನೂ ಬದಲಾಗಲಿಲ್ಲ. ಮೊಟ್ಟೆ ಬಿಟ್ಟೆ, ಮೂರನೇ ದಿನಕ್ಕೆ ಮನೆಯವರು ನನ್ನ ಪಕ್ಕ ಕೂರತೊಡಗಿದರು. ಹಾಲು, ಟೀ ಕುಡಿದ ಮೇಲೆ ಹೊಟ್ಟೆ ಗುಡುಗುಡು ಅನ್ನುತ್ತಿದ್ದರೆ ಹಾಲಿನ ಸಕ್ಕರೆ ನಿಮಗೆ ಜೀರ್ಣ ಆಗುತ್ತಿಲ್ಲದಿರಬಹುದು. ಅಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಇನ್ನು ಕಾಳು. ಕಾಳಿನ ಗ್ಯಾಸ್ ಹೆಚ್ಚಾಗಿ ಸದ್ದು, ಉಬ್ಬರದ್ದು. ಅದರಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಹೊಟ್ಟೆ ಒಡೆಯಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಹಬ್ಬ. ರೊಟ್ಟಿ ಜೊತೆ ಕಾಳುಪಲ್ಯ ಬಿಡೋಕಾಗುತ್ತಾ? ಬೇಡ. ರಾತ್ರಿ ಅಲಸಂದೆ ನೆನೆಹಾಕಿ, ಬೆಳಿಗ್ಗೆ ಪಾತ್ರೆಯಲ್ಲಿ ಸಣ್ಣ ನೊರೆ ಕಟ್ಟಿದ ನೀರು ಕಾಣುತ್ತದಲ್ಲ, ಅದನ್ನು ಚೆಲ್ಲಿ, ಕಾಳು ತೊಳೆದು ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ, ಆ ನೀರಿನ ಜೊತೆ ಸಕ್ಕರೆಯೂ ಒಂದಿಷ್ಟು ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಒಗ್ಗರಣೆಗೆ ಚಿಟಿಕೆ ಇಂಗು, ಊಟ ಆದ ಮೇಲೆ ಓಂಕಾಳು ಅಥವಾ ಜೀರಿಗೆ ಹಾಕಿದ ಮಜ್ಜಿಗೆ, ನಮ್ಮ ಮನೆಯಲ್ಲಿ ಇದು ಮೊದಲಿಂದಲೂ ಇದೆ.

ಮಲಬದ್ಧತೆಗೆ ನೀರು, ಹಣ್ಣು, ಸೊಪ್ಪು, ನಡಿಗೆ. ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಸಂಜೆ ಅರ್ಧ ಗಂಟೆ ನಡೆಯಿರಿ, ಬಯಲು ಗಾಳಿ, ಸದ್ದಾದರೂ ಯಾರಿಗೂ ಗೊತ್ತಾಗಲ್ಲ. ನಾರಿನಂಶವನ್ನು ಒಮ್ಮೆಲೇ ಏರಿಸಬೇಡಿ, ಉಬ್ಬರ ಹೆಚ್ಚುತ್ತದೆ. ಗಬಗಬ ತಿನ್ನುವುದು, ಸೋಡಾ, ಶುಗರ್‌ಫ್ರೀ ಚೂಯಿಂಗ್ ಗಮ್, ಇವೂ ಗ್ಯಾಸ್ ಹೆಚ್ಚಿಸುತ್ತವೆ.

ಸಿಮೆಥಿಕೋನ್ ಇರುವ ಗ್ಯಾಸ್ ಮಾತ್ರೆ ಗುಳ್ಳೆ ಒಡೆಯುತ್ತದೆ ಅಷ್ಟೇ, ವಾಸನೆ ತೆಗೆಯಲ್ಲ. ಇದ್ದಿಲ ಮಾತ್ರೆ ಬೇರೆ ಔಷಧಿಗಳನ್ನೂ ಹೀರಿಕೊಳ್ಳಬಹುದು, ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಆಂಟಿಬಯಾಟಿಕ್ ಮುಗಿದ ಮೇಲೆ ಕೆಲವು ದಿನ ವಾಸನೆ ಬದಲಾದರೆ ಗಾಬರಿ ಬೇಡ.

ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಲ ಎಣ್ಣೆಯಂತೆ ಜಿಡ್ಡಾಗಿ ತೇಲುತ್ತಿದ್ದರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ, ಜಿಯಾರ್ಡಿಯಾದಂಥ ಸೋಂಕೋ, ಆಹಾರ ಹೀರಿಕೊಳ್ಳುವ ತೊಂದರೆಯೋ ಇರಬಹುದು. ಹೊಟ್ಟೆ ಬಿಗಿದು, ವಾಂತಿಯಾಗಿ, ಗ್ಯಾಸೂ ಹೋಗದೆ ಮಲವೂ ಆಗದೆ ಇದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಓಂಕಾಳು ಅಗಿಯುತ್ತಾ ಕೂರಬೇಡಿ.