ಬಾವಿ ಆರಡಿ ಮುಚ್ಚಿಸಿದೆ, ನೀರು ಸಿಹಿಯಾಯಿತು

ಕಾಸರಗೋಡು ಜಿಲ್ಲೆಯ ಕುಂಬಳೆ ಹಿನ್ನೀರಿನ ಬದಿಯ ನನ್ನ ಬಾವಿಯಲ್ಲಿ ಈ ಸಲದ ಮೇ ತಿಂಗಳಲ್ಲೂ ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಮಿನಲ್ಲಿ) 600ರ ಆಸುಪಾಸಿನಲ್ಲೇ ನಿಂತಿತು. ಕೆಲವು ವರ್ಷಗಳ ಹಿಂದೆ ಇದೇ ಹೊತ್ತಿಗೆ 2,800 ದಾಟುತ್ತಿತ್ತು. ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದಿದ್ದರೂ 2,000 ಮೀರಬಾರದು ಅಂತ ಮಾನದಂಡ ಇದೆ. ನಮಗೆ ಮೀಟರ್ ಬೇಕಿರಲಿಲ್ಲ, ಚಾದಲ್ಲೇ ಗೊತ್ತಾಗುತ್ತಿತ್ತು. ಸಕ್ಕರೆ ಎಷ್ಟು ಹಾಕಿದರೂ ಕೊನೆಯ ಗುಟುಕು ಉಪ್ಪು. ಬಾವಿಯ ಹಗ್ಗ ಒಣಗಿದರೆ ಬಿಳಿ ಪುಡಿ ಉದುರುತ್ತಿತ್ತು. ಆಗ ನಕ್ಕವರು ಈಗ ಕೊಡಪಾನ ಹಿಡಿದು ಬರುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲ ತಪ್ಪು ಎಲ್ಲರೂ ಮಾಡುವುದೇ. ನೀರು ಸಾಲದು ಅಂತ 22 ಅಡಿಯ ಬಾವಿಯನ್ನು 28 ಮಾಡಿಸಿದೆ. ರಿಂಗು, ಕೂಲಿ, ಕೆಸರೆತ್ತುವ ಪಂಪಿನ ಬಾಡಿಗೆ ಸೇರಿ 45 ಸಾವಿರ ಆಗಿರಬೇಕು. ನೀರು ಭರ್ಜರಿ ಬಂತು. ಒಂದೂವರೆ ಎಚ್.ಪಿ. ಪಂಪು ಎರಡು ಗಂಟೆ ಓಡಿದರೂ ಬತ್ತಲಿಲ್ಲ. ನಾಲ್ಕು ಜನಕ್ಕೆ ಕರೆದು ತೋರಿಸಿದೆ. ಮಾರ್ಚ್ ಬಂತು, ಅಡಿಕೆ ಸಸಿಗಳ ಗರಿ ತುದಿಯಿಂದ ಸುಟ್ಟುಕೊಂಡು ಬಂತು. ತೆಂಗು ಮಾತ್ರ ಹೇಗೋ ತಡೆದುಕೊಂಡಿತು.

ಆಮೇಲೆ ಗೋಡೆ. ಹಿನ್ನೀರಿನ ಬದಿಗೆ 60 ಅಡಿ ಉದ್ದಕ್ಕೆ ಮುರಕಲ್ಲಿನದ್ದು, ಒಂದು ಲಕ್ಷ ನಲವತ್ತು ಸಾವಿರ. ಎರಡನೇ ಮಳೆಗಾಲದಲ್ಲಿ, ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿ, ಅದು ಇಡಿಯಾಗಿ ಮುಂದಕ್ಕೆ ಮಗುಚಿತು. ಬುಡದ ಕೆಸರನ್ನು ನೀರು ಕೊರೆದುಕೊಂಡು ಹೋಗಿತ್ತು. ಕಟ್ಟಿದವರು ಫೋನ್ ಎತ್ತಲಿಲ್ಲ. ಗೋಡೆ ನಿಂತಿದ್ದರೂ ಬಾವಿಗೆ ಪ್ರಯೋಜನ ಇರಲಿಲ್ಲ ಬಿಡಿ. ಉಪ್ಪು ಬರುವುದು ಮರಳಿನ ಅಡಿಯಿಂದ ಅಲ್ವಾ.

ಮೂರನೇ ಸಲ ಮನೆಯ ಮಾಡಿನ (ಚಾವಣಿಯ) ಮಳೆ ನೀರನ್ನು ಬಾವಿಗೆ ಬಿಟ್ಟೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಸಾವಿರ ಚದರಡಿ ಮಾಡಿಗೆ ಮೂರು ಲಕ್ಷ ಲೀಟರಿಗಿಂತ ಜಾಸ್ತಿ. ಕೇಳಲಿಕ್ಕೆ ಚಂದ. ಆದರೆ ಜೂನ್, ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ. ಹಾಕಿದ್ದೆಲ್ಲ ಮರಳಿನೊಳಗಿಂದಲೇ ಜಾರಿ ಡಿಸೆಂಬರಿಗೆ ಕಡಲು ಸೇರಿತ್ತು. ಮಾರ್ಚಿನಲ್ಲಿ ಮತ್ತೆ ಅದೇ ಚಾ.

ಆಗ ತಲೆಗೆ ಹೋಯಿತು. ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿ ನೀರಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪನ್ನು ಅದುಮಿ ಹಿಡಿಯುತ್ತದೆ ಎಂಬುದು ಹಳೇ ಲೆಕ್ಕ. ಆ ಒಂದಡಿಯನ್ನು ಪಂಪಿನಿಂದ ಎಳೆದು ತೆಗೆದರೆ ಕೆಳಗಿನ ಉಪ್ಪು ಮೇಲೇಳದೆ ಏನು ಮಾಡುತ್ತದೆ? ಸಾಲದ್ದಕ್ಕೆ ಕಡಲೂ ಸುಮ್ನೆ ಕೂತಿಲ್ಲ. 1901ರಿಂದ 2018ರೊಳಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂ.ಮೀ. ಏರಿದೆಯಂತೆ. ಹತ್ತಿರ ಹತ್ತಿರ ಒಂದು ಗೇಣು.

ಬಾವಿ ತೋಡಿದವರನ್ನೇ ಕರೆಸಿ, ಆ ಆರಡಿ ಮುಚ್ಚಿ ಅಂದೆ.

"ಎಂತ ಮಾರಾಯ್ರೆ," ಅಂದರು ಅವರು. "ತೋಡ್ಲಿಕ್ಕೆ ಕರೆದವರಿದ್ದಾರೆ, ಆಳ ಜಾಸ್ತಿಯಾಯ್ತು ಅಂತ ಮುಚ್ಲಿಕ್ಕೆ ಕರೆದವರು ನೀವೇ ಮೊದಲು."

ಮನೆಯವಳು ಎರಡು ದಿನ ಮಾತಾಡಲಿಲ್ಲ. ತೋಡಲಿಕ್ಕೆ 45 ಸಾವಿರ, ಮುಚ್ಚಲಿಕ್ಕೆ 11 ಸಾವಿರ. ಬಾವಿಯ ತಳಕ್ಕೆ ಏನು ಹಾಕಿದೆ, ಯಾವ ಕ್ರಮದಲ್ಲಿ ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಬೊಂಡ ಕುಡಿಯುತ್ತಾ ಹೇಳುತ್ತೇನೆ. ಮೇಲಿನ ಪದರ ದಪ್ಪ ಮರಳು, ಅಷ್ಟು ಸಾಕು. ದೊಡ್ಡ ಪಂಪು ಮಾರಿ ಅರ್ಧ ಎಚ್.ಪಿ.ಯದ್ದು ತಂದೆ. ನೀರೆಳೆಯುವ ಪೈಪಿನ ತುದಿಯ ಫೂಟ್‌ವಾಲ್ವನ್ನು ಖಾಲಿ ಎಣ್ಣೆ ಕ್ಯಾನಿಗೆ ಕಟ್ಟಿ ತೇಲಿಸಿದೆ. ನೀರಿನ ಮಟ್ಟ ಎಲ್ಲೇ ಇರಲಿ, ಮೇಲಿನ ಎರಡಡಿಯಿಂದಲೇ ಎಳೆಯುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಒಮ್ಮೆಲೇ ನಲವತ್ತು ನಿಮಿಷ ಓಡಿಸಿ ನೋಡಿದ್ದೇನೆ, ಮೀಟರಿನಲ್ಲಿ 200 ಏರಿತು.

ಇದು ಅರ್ಧ ಕೆಲಸ. ಇನ್ನರ್ಧ ತೋಟದ ಬದಿಯ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ. ಅದಕ್ಕೆ ಅಡ್ಡಲಾಗಿ ಮಣ್ಣಿನ ಕಟ್ಟ ಕಟ್ಟುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಒಳನಾಡಿನ ಕಟ್ಟ ಬರೀ ನೀರು ನಿಲ್ಲಿಸಿದರೆ ಸಾಕು. ನನ್ನದು ಭರತದಲ್ಲಿ (ಕಡಲು ಏರುವಾಗ) ಉಪ್ಪನ್ನು ಹೊರಗಿಡಬೇಕು, ಜೋರು ಮಳೆ ಬಂದರೆ ಇಳಿತದಲ್ಲಿ ಒಳಗಿನ ನೀರನ್ನು ಹೊರಗೆ ಬಿಡಬೇಕು. ಎರಡು ಆರಿಂಚಿನ ಪೈಪು ಹಾಕಿ, ಹೊರಬಾಯಿಗೆ ಮರದ ಮುಚ್ಚಳ ಇಟ್ಟೆ. ಒಂದೇ ತಿಂಗಳಲ್ಲಿ ಹಲಗೆ ಸೊಟ್ಟಗಾಯಿತು. ಈಗ ಇರುವುದು ಲಾರಿ ಟ್ಯೂಬಿನ ರಬ್ಬರು. ಅದಕ್ಕೆ ಎಷ್ಟು ತೂಕ, ಎಲ್ಲಿ ಕಟ್ಟಬೇಕು ಎಂಬುದರಲ್ಲೇ ಮಜಾ ಇರುವುದು, ಅದೂ ಬೊಂಡದ ಲೆಕ್ಕಕ್ಕೆ.

ಮುಚ್ಚಳ ಸರಿಯಾದರೂ ಉಪ್ಪು ಬರುತ್ತಲೇ ಇತ್ತು. ಹದಿನೈದು ದಿನ ತಲೆ ಕೆರೆದುಕೊಂಡೆ. ಒಂದು ಹುಣ್ಣಿಮೆ ರಾತ್ರಿ ಟಾರ್ಚ್ ಹಿಡಿದು ಕಟ್ಟದ ಮೇಲೆ ಕೂತೆ. ಭರತ ಏರುತ್ತಿದ್ದ ಹಾಗೆ ಒಳಬದಿಯಲ್ಲಿ ಬೆರಳು ದಪ್ಪಕ್ಕೆ ಗುಳುಗುಳು ನೀರು. ಏಡಿ ತೂತು! ಎಣಿಸಿದೆ, ಹದಿನೇಳು. ಜೇಡಿಮಣ್ಣು ಮೆಟ್ಟಿದರೆ ಪಕ್ಕದಲ್ಲೇ ಹೊಸದು ಕೊರೆಯುತ್ತವೆ. ಕೊನೆಗೆ ಕಟ್ಟದ ನಡುವೆ ಉದ್ದಕ್ಕೂ ಸಿಲ್ಪಾಲಿನ್ ಹಾಳೆ ನಿಲ್ಲಿಸಿ ಎರಡೂ ಕಡೆ ಮಣ್ಣು ತುಂಬಿದೆ. ತೋಡಿನ ಕೆಲಸಕ್ಕೆ ಒಟ್ಟು 30 ಸಾವಿರದ ಒಳಗೆ. ಗೋಡೆಗೆ ಸುರಿದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ಗೋಡೆ ಬಿದ್ದ ಜಾಗಕ್ಕೆ ಕಾಂಡ್ಲ (ಉಪ್ಪು ನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಟ್ಟೆ. ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ 1989ರಲ್ಲಿ 500 ಗಿಡ ನೆಟ್ಟು ಶುರು ಮಾಡಿದರಂತೆ, ಜನ ಹುಚ್ಚ ಅಂದಿದ್ದರಂತೆ. ನಾನು ಕಾಂಡ್ಲದ 300 ಬೀಜದ ಕೋಡು ಊರಿದೆ. ಉಳಿದದ್ದು ನಲವತ್ತೋ ಐವತ್ತೋ. ಕಾಂಡಕ್ಕೆ ಚಿಪ್ಪುಹುಳ ಮೆತ್ತಿಕೊಂಡು ಎಳೇ ಗಿಡ ಭಾರಕ್ಕೆ ಬಾಗಿ ಕೊಳೆಯಿತು. ಮುಂದಿನ ವರ್ಷ ಸ್ವಲ್ಪ ಎತ್ತರದ ಕೆಸರಿಗೆ ಸರಿದು, ಹತ್ತಿರ ಹತ್ತಿರ ನೆಟ್ಟೆ. ಅದು ಹಿಡಿಯಿತು. 2021ರ ಮೇಯಲ್ಲಿ ತೌಕ್ತೇ ಚಂಡಮಾರುತ ಬಂದಾಗ ಕಟ್ಟದ ಮೇಲೆಯೇ ನೀರು ಹಾರಿತು, ಆದರೆ ಕಾಂಡ್ಲದ ಹಿಂದಿನ ಮಣ್ಣು ಅಲುಗಲಿಲ್ಲ. ಬಾವಿ ಮೀಟರು 1,500ಕ್ಕೆ ಹೋಗಿದ್ದು ಜುಲೈಗೆ ಇಳಿಯಿತು.

ನಡುವೆ ಉಪ್ಪು ನೀರಿನ ಗದ್ದೆಯಲ್ಲಿ ಬೆಳೆಯುವ ಕೈಪಾಡ್ ಭತ್ತದ ಹುಚ್ಚೂ ಹತ್ತಿತ್ತು. ಕಣ್ಣೂರಿನ ಏಳೋಂನಿಂದ ಬೀಜ ತರಿಸಿ, ಅವರ ಹಾಗೆಯೇ ಕೆಸರಿನ ಗುಡ್ಡೆ ಮಾಡಿ, ಮಳೆ ಉಪ್ಪು ತೊಳೆದ ಮೇಲೆ ಬಿತ್ತಿದೆ. ಪೈರು ಚೆನ್ನಾಗಿತ್ತು. ತೆನೆ ನೀಲಿಕೋಳಿಗಳ ಪಾಲಾಯಿತು. ಎರಡು ಮುಡಿ ಸಿಕ್ಕೀತು ಅಂದುಕೊಂಡಿದ್ದೆ, ಒಂದು ಸಲದ ಪಾಯಸಕ್ಕೆ ಆಯಿತು.

ಕಡಲ ದಡದಿಂದ 50 ಮೀಟರ್ ಒಳಗಿರುವ ಮೀನುಗಾರರಿಗೆ ಜಾಗ ಬಿಟ್ಟು ಹೋಗಲಿಕ್ಕೆ ಕೇರಳ ಸರಕಾರದ ಪುನರ್ಗೇಹಂ ಯೋಜನೆಯಲ್ಲಿ 10 ಲಕ್ಷ ಇದೆ. ನಾನು ಮೀನುಗಾರನೂ ಅಲ್ಲ, ದಡದವನೂ ಅಲ್ಲ. ನನಗೆ ಇರುವುದು ಈ ಕಟ್ಟ. ಈಚೆಗೆ ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನಿಂದ ಕಳ್ಳಕಡಲಿನ (ದೂರದ ಬಿರುಗಾಳಿಯಿಂದ ಸುಳಿವಿಲ್ಲದೆ ನುಗ್ಗುವ ಅಲೆಗಳ) ಎಚ್ಚರಿಕೆ ಬಂದ ದಿನ ಪೈಪಿನ ಒಳಬಾಯಿಗೂ ಗೋಣಿ ತುರುಕುತ್ತೇನೆ. ತುಲಾ ಮಳೆ (ಹಿಂಗಾರು) ಮುಗಿದ ಕೂಡಲೇ ಕಟ್ಟವನ್ನು ಇನ್ನೊಂದು ಗೇಣು ಎತ್ತರಿಸಬೇಕು. ಒಂದು ಲೋಡು ಮಣ್ಣು ಅಂಗಳದಲ್ಲಿ ಬಿದ್ದಿದೆ, ಮನೆಯವಳು ಅದರ ಮೇಲೆ ಈಗಾಗಲೇ ಬಸಳೆ ಹಬ್ಬಿಸಿದ್ದಾಳೆ.