ರೈಫಲ್ ಬ್ಯಾರಲ್ (ನಳಿಗೆ) ಬಿಸಿಯಾದ್ರೆ ಗುರಿ ಯಾಕೆ ತಪ್ಪುತ್ತೆ

ಮೊದಲ ಮೂರು ಗುಂಡು ಒಂದೇ ಕಡೆ ಬಿದ್ದು ಆಮೇಲಿಂದ ಮೇಲಕ್ಕೋ ಪಕ್ಕಕ್ಕೋ ಸರೀತಾ ಹೋದ್ರೆ ತಕ್ಷಣ ಸ್ಕೋಪಿನ (ಗುರಿ ನೋಡೋ ದುರ್ಬೀನಿನ) ತಿರುಪು ತಿರುಗಿಸ್ಬೇಡಿ, ಬ್ಯಾರಲ್ ಬಿಸಿಯಾಗಿರ್ಬೋದು. ತೆಳು ಬ್ಯಾರಲ್ ಬೇಗ ಕಾಯುತ್ತೆ, ಉಕ್ಕಿನೊಳಗೆ ಉಳಿದಿರೋ ಒತ್ತಡಕ್ಕೆ ಕೂದಲೆಳೆಯಷ್ಟು ಬಾಗಿದ್ರೂ 100 ಮೀಟರಲ್ಲಿ ಗೊತ್ತಾಗುತ್ತೆ. ದಪ್ಪಂದು ನಿಧಾನಕ್ಕೆ ಬಿಸಿಯಾಗುತ್ತೆ, ಅದುರೋದೂ ಕಮ್ಮಿ, ಆದ್ರೆ ಆರೋಕೂ ಅಷ್ಟೇ ಟೈಮ್ ತಗೊಳುತ್ತೆ, ಹೊತ್ಕೊಂಡು ಓಡಾಡೋದಂತೂ ಬೇಡಪ್ಪಾ. ಹಾಗಾಗಿ ರೇಂಜಲ್ಲಿ ತೆಳು ಬ್ಯಾರಲ್ ಝೀರೋ ಮಾಡೋವಾಗ (ಸ್ಕೋಪಲ್ಲಿ ಗುರಿಯಿಟ್ಟ ಕಡೆಗೇ ಗುಂಡು ಬೀಳೋ ಹಾಗೆ ಹೊಂದಿಸೋವಾಗ) 3 ಗುಂಡು ಹೊಡೀರಿ, ಗುಂಡು ಕೂರೋ ಚೇಂಬರ್ ಖಾಲಿ ಮಾಡಿ, ಅದನ್ನ ಮುಚ್ಚೋ ಬೋಲ್ಟ್ ತೆರೆದಿಟ್ಟು ನೆರಳಲ್ಲಿ ಪೂರ್ತಿ ಆರೋಕೆ ಬಿಡಿ, ನೀರುಗೀರು ಸುರೀಬೇಡಿ, ಆಮೇಲೆ ಮತ್ತೆ 3. ಬ್ಯಾರಲ್ಲಿಗೂ ಹಿಡಿಯೋ ಮರದ ಸ್ಟಾಕಿಗೂ ಮಧ್ಯ ಒಂದು ಹಾಳೆ ಸಲೀಸಾಗಿ ಜಾರುತ್ತಾ ನೋಡಿ, ಎಲ್ಲಾದ್ರೂ ತಾಗ್ತಿದ್ರೆ ಕಾದಾಗ ಅದೇ ತಳ್ಳುತ್ತೆ. ಕೊಡಗಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ಪಾಯಿಂಟ್ 22 ಅನ್ನೋ ಚಿಕ್ಕ ಗುಂಡಿನ ರೈಫಲಲ್ಲಿ ತೆಂಗಿನಕಾಯಿ ಹೊಡೆಯೋರು ಇಷ್ಟೆಲ್ಲ ತಲೆ ಕೆಡಿಸ್ಕೋಬೇಕಿಲ್ಲ, ಅದ್ರಲ್ಲಿ ಮದ್ದೇ ಕಮ್ಮಿ.